ನಾನು ಹೆಣವಾಗಿದ್ದ ನಾಟಕ

ನಮ್ಮ ಆಫೀಸಿನಲ್ಲಿ ಈಗ ವಾರಕ್ಕೊಮ್ಮೆ ಯೋಗ ಕಲಿಸುತ್ತಾರೆ. ಮಹದೇವಪುರದ ಗಾಜಿನ ಕಟ್ಟಡದ ಮೀಟಿಂಗ್ ರೂಮೊಂದರಿಂದ ಮೇಜು ಕುರ್ಚಿಗಳನ್ನು ಹೊರಗಿಟ್ಟು, ರಬ್ಬರಿನ ವಾಸನೆ ಇನ್ನೂ ಹೋಗದ ಹೊಸ ಚಾಪೆಗಳನ್ನು ಹಾಸಿ, ನಮ್ಮಂಥ ನಡುವಯಸ್ಸಿನವರ ಬೆನ್ನು ನೇರ ಮಾಡುವ ಪ್ರಯತ್ನ. ಬೇರೆ ಆಸನಗಳಲ್ಲಿ ನನ್ನ ಸ್ಥಿತಿ ಹೇಳಿಕೊಳ್ಳುವಂಥದ್ದಲ್ಲ. ಬಗ್ಗಿದರೆ ಕೈ ಮೊಣಕಾಲಿನ ಹತ್ತಿರ ನಿಂತುಬಿಡುತ್ತದೆ; ಅಲ್ಲಿಂದ ಕೆಳಗಿನದು ಬೇರೆ ಯಾರದೋ ಆಸ್ತಿ. ಆದರೆ ಕೊನೆಯಲ್ಲಿ ಶವಾಸನ ಬಂತೆಂದರೆ ನನ್ನನ್ನು ಮೀರಿಸುವವರಿಲ್ಲ. ಮೊನ್ನೆ ಯೋಗದ ಹುಡುಗಿ ನನ್ನ ಚಾಪೆಯ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಸರ್‌ನ ನೋಡಿ ಕಲೀರಿ. ಉಸಿರಾಡ್ತಿರೋದೇ ಗೊತ್ತಾಗ್ತಿಲ್ಲ. ಎಲ್ಲಾದ್ರೂ ಟ್ರೈನಿಂಗ್ ಆಗಿದೆಯಾ ಸರ್?” ಎಂದು ಕೇಳಿದಳು.

ಆಗಿದೆ. ಶವಕ್ಕೆ ಮಾತಾಡುವ ಪದ್ಧತಿ ಇಲ್ಲವಾದ್ದರಿಂದ ಅವಳಿಗೆ ಉತ್ತರ ಕೊಡಲಿಲ್ಲ. ನಿಮಗೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಒಂದು ನಾಟಕದಲ್ಲಿ ಹೆಣವಾಗಿದ್ದೆ. ಮೊದಲ ಅಂಕ ಅರ್ಧವಾಗುವ ಹೊತ್ತಿಗೆ ರಂಗದ ಮೇಲೆ ಬಿದ್ದರೆ, ಪರದೆ ಇಳಿಯುವವರೆಗೆ ಬಿದ್ದೇ ಇರುವ ಪಾತ್ರ.

ಆಗ ನಾವು ದೊಮ್ಮಲೂರಿನಲ್ಲಿ ಬಾಡಿಗೆಗಿದ್ದೆವು. ನಾನು, ನನ್ನ ಹೆಂಡತಿ ಸುಮಾ, ಇಬ್ಬರೂ ಹಾವೇರಿ ಕಡೆಯವರು. ಮನೆಯಿಂದ ಸ್ವಲ್ಪ ದೂರದಲ್ಲಿ ವಿಮಾ ನೌಕರರ ಕಾಲೋನಿ. ಅದರೊಳಗೆ ಒಂದು ಸಮುದಾಯ ಭವನ. ಮದುವೆ, ನಾಮಕರಣ, ರಾಜ್ಯೋತ್ಸವ ಯಾವುದೂ ಇಲ್ಲದ ಭಾನುವಾರಗಳಲ್ಲಿ ಅಲ್ಲಿ ನಾಟಕದವರು ಸೇರುತ್ತಿದ್ದರು. ಅವರ ಮುಖ್ಯಸ್ಥೆ ವಸುಂಧರಾ ಮೇಡಂ. ವಿಮೆಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಂಟಿ, ಗಿಡ್ಡ ಕೂದಲು, ಯಾವಾಗಲೂ ಹತ್ತಿ ಸೀರೆ, ಗಟ್ಟಿ ದನಿ. ಒಮ್ಮೆ ಅವರು ತಮ್ಮ ಹೊಸ ನಾಟಕವನ್ನು ಓದಿ ಹೇಳುತ್ತಾರೆಂದು ಯಾರೋ ಕರೆದುಕೊಂಡು ಹೋದರು. ಊಟದ ಮೇಲಿನ ಹೊತ್ತು, ಫ್ಯಾನಿನ ಗಾಳಿ. ನಾನು ಎರಡನೆಯ ಪುಟಕ್ಕೆ ನಿದ್ದೆ ಹೋದೆ. ಎಚ್ಚರವಾದಾಗ ವಸುಂಧರಾ ನನ್ನೆದುರು ನಿಂತಿದ್ದರು. ಬೈಸಿಕೊಳ್ಳಲು ತಯಾರಾದೆ.

“ಗೊರಕೆ ಹೊಡೀದೆ, ಬಾಯಿ ತೆಗೀದೆ ಮಲಗೋ ಗಂಡಸನ್ನ ನಾನು ಇವತ್ತೇ ನೋಡಿದ್ದು ಹಾವೇರಿಯವರೇ,” ಎಂದರು. “ನಿಮಗೊಂದು ಪಾರ್ಟ್ ಇದೆ.”

ಸುಮಾಗೆ ಹೇಳಿದಾಗ ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಸುಮ್ನ ಮಕ್ಕೊಳ್ಳಾಕ ಪ್ರಾಕ್ಟೀಸ್ ಬ್ಯಾರೆ ಬೇಕೇನ್ರಿ? ಮನ್ಯಾಗ ದಿನಾ ಮಾಡ್ತೀರಲ್ಲ.”

ಪ್ರಾಕ್ಟೀಸ್ ಬೇಕಿತ್ತು. ಹೆಣವಾಗುವುದು ಸುಲಭ ಎಂದು ಹೇಳುವವರು ಒಮ್ಮೆ ಜನರೆದುರು ಮಲಗಿ ನೋಡಬೇಕು. ಆ ಕ್ಷಣದಿಂದ ಮೂಗಿನ ತುದಿ ತುರಿಸತೊಡಗುತ್ತದೆ. ಇಲ್ಲದ ಕೆಮ್ಮು ಎಲ್ಲಿಂದಲೋ ಬರುತ್ತದೆ. ಎಲ್ಲಕ್ಕಿಂತ ಕಷ್ಟ, ನಾಟಕ ನಗಿಸುವಂಥದ್ದು. ನೂರಾರು ಜನ ನಗುವಾಗ ನಗದೇ ಇರಬೇಕಾದವನು ನಾನೊಬ್ಬನೇ.

ನಾಟಕದ ಹೆಸರು ‘ಕೊಲೆಗೆ ಮೊದಲು ಕಾಫಿ’. ಕಥೆ ಹೇಳಿಬಿಡುತ್ತೇನೆ, ಹೇಳಿದರೆ ಕೆಡುವಂಥ ಕಥೆಯಲ್ಲ ಅದು. ಒಂದು ದೊಡ್ಡ ಬಂಗಲೆ, ಅಲ್ಲಿ ಯಜಮಾನ, ಅವನ ತಂಗಿ, ಅಡುಗೆಯಾಕೆ. ಪರದೆ ಎದ್ದ ಕೂಡಲೆ ಇನ್ಸ್‌ಪೆಕ್ಟರ್ ಬರುತ್ತಾನೆ. “ಕೊಲೆ ಎಲ್ಲಿ?” ಎನ್ನುತ್ತಾನೆ. ಇನ್ನೂ ಆಗಿಲ್ಲ ಎಂದು ಮನೆಯವರು ಸಂಕೋಚದಿಂದ ಹೇಳುತ್ತಾರೆ. “ಪರವಾಗಿಲ್ಲ, ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ ಇರುತ್ತೆ ಅಂತ ನಾನೇ ಬೇಗ ಹೊರಟೆ,” ಎಂದು ಅವನು ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಕಾಫಿ ಕೊಡುತ್ತಾರೆ. ಕುಡಿದು ಕೈ ತೊಳೆಯಲು ಒಳಗೆ ಹೋಗುವಷ್ಟರಲ್ಲಿ ದೀಪ ಆರುತ್ತದೆ, ಮತ್ತೆ ಹತ್ತುತ್ತದೆ, ನಡುಮನೆಯಲ್ಲಿ ನಾನು.

ಈಗ ಗಮನಿಸಿ. ಬಿದ್ದಿರುವವನು ಯಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೆ ಮೊದಲು ಅವನು ಕಥೆಯಲ್ಲಿ ಬಂದೇ ಇಲ್ಲ. ಆದರೆ ‘ಇವನು ಯಾರು’ ಎಂದು ಒಬ್ಬರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದದ್ದು ‘ಕೊಂದವರು ಯಾರು’. ಮೂವರೂ ನಾನೇ ಕೊಂದೆ ಎಂದು ಪೈಪೋಟಿಯ ಮೇಲೆ ಒಪ್ಪಿಕೊಳ್ಳುತ್ತಾರೆ. ಇನ್ಸ್‌ಪೆಕ್ಟರ್ ಸರ್ಕಾರಿ ಕಿಟಕಿಯ ಹಿಂದೆ ಕೂತವನ ಹಾಗೆ ಒಬ್ಬೊಬ್ಬರನ್ನೇ ತಿರಸ್ಕರಿಸುತ್ತಾನೆ: “ನಿಮಗೆ ಕೊಲ್ಲೋಕೆ ಕಾರಣ ಇಲ್ಲ. ಹೋಗಿ ಕಾರಣ ತಗೊಂಡು ಬನ್ನಿ. ಜೊತೇಲಿ ಎರಡು ಜೆರಾಕ್ಸ್.” ಆಮೇಲೆ ಹೆಣದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾನೆ. ಎಳೆಯುವಾಗ ನೋಡುವುದು ಪ್ರೇಕ್ಷಕರ ಕಡೆ; ಗೆರೆ ಸೊಟ್ಟಗಾಗುತ್ತದೆ. ಅಳಿಸುವುದಿಲ್ಲ. ನನ್ನ ಕೈಯನ್ನು ಹಿಂದಕ್ಕೆ ತಿರುಚಿ, ಕಾಲನ್ನು ಮಡಚಿ, ಹೆಣವನ್ನೇ ಗೆರೆಗೆ ಹೊಂದಿಸುತ್ತಾನೆ. ಕೊನೆಗೂ ಕೊಲೆಗಾರ ಸಿಗುವುದಿಲ್ಲ. ಎಲ್ಲರಿಗೂ ಸುಸ್ತಾಗಿ ಮತ್ತೆ ಕಾಫಿ ತರಿಸುತ್ತಾರೆ. ಮೇಜಿನ ಮೇಲೆ ಸಾಕ್ಷ್ಯಗಳು ಹರಡಿರುವುದರಿಂದ ತಟ್ಟೆ ಇಡಲು ಜಾಗವಿಲ್ಲ. ನನ್ನ ಎದೆಯ ಮೇಲೆ ಇಟ್ಟು, ಸುತ್ತ ಕೂತು, ಹವಾಮಾನದ ಬಗ್ಗೆ ಮಾತಾಡುತ್ತಾ ಕುಡಿಯುತ್ತಾರೆ. ಪರದೆ. ನಿಜವಾದ ಬಿಸಿ ಕಾಫಿಯೇ ಆಗಬೇಕೆಂದು ವಸುಂಧರಾ ಹಟ ಹಿಡಿದಿದ್ದರಿಂದ, ಆ ಕೊನೆಯ ದೃಶ್ಯದಲ್ಲಿ ಉಸಿರು ಬಿಗಿಹಿಡಿಯಲು ನನಗೆ ನಟನೆಯ ಅಗತ್ಯವಿರಲಿಲ್ಲ.

ಇನ್ಸ್‌ಪೆಕ್ಟರ್ ಪಾತ್ರ ರಿಯಾಜ್‌ನದು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ. ಒಂದೇ ವಾಕ್ಯದಲ್ಲಿ ದಖ್ಖನಿ, ತಮಿಳು, ಕನ್ನಡ, ಇಂಗ್ಲಿಷು ಎಲ್ಲ ಬಂದು ಹೋಗುತ್ತಿದ್ದವು. ರಂಗಕ್ಕೆ ಬಂದರೆ ಮಾತ್ರ ಅಚ್ಚುಕಟ್ಟಾದ ಕನ್ನಡ. ನನ್ನ ಕಾಲನ್ನು ಮಡಚುವಾಗ ಕಿವಿಯ ಹತ್ತಿರ ಬಗ್ಗಿ, “ಕ್ಯಾ ಬಾ, ಎಷ್ಟು ಗಟ್ಟಿ ಮಾಡ್ತೀಯ. ಸತ್ತಿದೀಯ ಗುರು, ಸ್ವಲ್ಪ ಕೋಆಪರೇಟ್ ಮಾಡು,” ಎಂದು ಪಿಸುಗುಟ್ಟುತ್ತಿದ್ದ. ನನ್ನನ್ನು ನಗಿಸಿ ನಾಟಕ ಕೆಡಿಸುವುದೇ ಅವನ ಜೀವನದ ಗುರಿಯೇನೋ ಎಂದು ಆಗ ಅನ್ನಿಸುತ್ತಿತ್ತು.

ಮೊದಮೊದಲು ನಾನು ಇದನ್ನು ತಮಾಷೆ ಎಂದೇ ತಿಳಿದಿದ್ದೆ. ನಾನು ಪತ್ತೇದಾರಿ ಕಾದಂಬರಿಗಳ ಹುಚ್ಚಿನಲ್ಲಿ ಬೆಳೆದವನು. ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಸಿಗುತ್ತಿದ್ದ ಪುಸ್ತಕಗಳು; ಕೊನೆಯ ಹಾಳೆ ಹರಿದೇ ಇರುತ್ತಿತ್ತು. ಎಷ್ಟೋ ಕೊಲೆಗಾರರು ನನ್ನ ಮಟ್ಟಿಗೆ ಇಂದಿಗೂ ತಲೆಮರೆಸಿಕೊಂಡೇ ಇದ್ದಾರೆ. ಹಾಗಾಗಿ ಆ ಸುಳಿವುಗಳು, ಆ ಸಂಶಯಗಳು, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸುವ ಆ ಗತ್ತು, ಇದನ್ನೆಲ್ಲ ವಸುಂಧರಾ ಲೇವಡಿ ಮಾಡಿದಾಗ ನನಗೆ ಖುಷಿಯಾಗುತ್ತಿತ್ತು. ಕಾಲೇಜಿನಲ್ಲಿ ‘ಅಸಂಗತ ನಾಟಕ’ದ ಮೇಲೆ ಒಂದು ಟಿಪ್ಪಣಿ ಬಾಯಿಪಾಠ ಮಾಡಿದ್ದೆ. ಬದುಕಿಗೆ ಅರ್ಥವಿಲ್ಲ, ಮಾತಿಗೆ ಮಾತು ಹೊಂದುವುದಿಲ್ಲ, ಹೀಗೆ ಏನೇನೋ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಅರ್ಥ ಮಾತ್ರ ಬಂದಿರಲಿಲ್ಲ.

ಆದರೆ ಕಣ್ಣು ಮುಚ್ಚಿ ಮಲಗಿ ಒಂದೇ ನಾಟಕವನ್ನು ವಾರವಾರವೂ ಕೇಳಿದರೆ ಏನೋ ಆಗುತ್ತದೆ. ಬೆಳಕಿಲ್ಲ, ವೇಷವಿಲ್ಲ, ಮುಖಗಳಿಲ್ಲ. ನಿಮ್ಮ ತಲೆಯ ಮೇಲೆ ಮಾತುಗಳು ಹಾರಾಡುತ್ತವೆ. ನಿಮ್ಮನ್ನು ದಾಟಿಕೊಂಡು ಜನ ಓಡಾಡುತ್ತಾರೆ. ಒಂದು ದಿನ ಹಾಗೆ ಮಲಗಿದ್ದಾಗ ಥಟ್ಟನೆ ಹೊಳೆಯಿತು: ಇಷ್ಟು ಹೊತ್ತು ಇಷ್ಟು ಜನ ಮಾತಾಡುತ್ತಿರುವುದು ನನ್ನ ಬಗ್ಗೆ, ಒಬ್ಬರೂ ನನ್ನ ಬಗ್ಗೆ ಮಾತಾಡುತ್ತಿಲ್ಲ. ಪತ್ತೇದಾರಿ ಕಥೆಯಲ್ಲಿ ಸತ್ತವನು ಬೆಂಕಿಕಡ್ಡಿಯ ಹಾಗೆ. ದೀಪ ಹತ್ತಿದ ಮೇಲೆ ಕಡ್ಡಿಯನ್ನು ಯಾರು ನೋಡುತ್ತಾರೆ? ಮೊದಲ ಅಧ್ಯಾಯದಲ್ಲೇ ಅವನನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ, ಓದುವವರಿಗೂ ಅನುಕೂಲ. ವಸುಂಧರಾ ಮಾಡಿದ್ದು ಒಂದೇ ಕೆಲಸ. ಎತ್ತಿಕೊಂಡು ಹೋಗಲಿಲ್ಲ. ಅಷ್ಟಕ್ಕೇ ಇಡೀ ಕಥೆಯ ಗತ್ತು ಕುಸಿದು, ಅದರ ಒಳಗಿನ ಕ್ರೌರ್ಯ ಕಾಣಿಸಿಕೊಂಡುಬಿಡುತ್ತದೆ. ನನಗೆ ಮೈ ಜುಮ್ಮೆಂದಿತು. ಪಾತ್ರದಲ್ಲಿದ್ದುದರಿಂದ ಜುಮ್ಮೆನ್ನುವಂತಿರಲಿಲ್ಲ.

ಆ ಸಂಜೆ ಮಳೆ ಹಿಡಿದಿತ್ತು. ನನ್ನ ಹಳೇ ಕಾರಿನಲ್ಲಿ ವಸುಂಧರಾ ಅವರನ್ನು ಇಂದಿರಾನಗರದವರೆಗೆ ಬಿಡಲು ಹೊರಟೆ; ಅಲ್ಲಿ ಯಾರದೋ ಮನೆಗೆ ಹೋಗಬೇಕಿತ್ತು ಅವರಿಗೆ. ದಾರಿಯಲ್ಲಿ ಕೇಳಿದೆ, “ಮೇಡಂ, ನಾನು ಯಾರು?”

“ಹೆಣ.”

“ಹೆಣ ಆಗೋಕೆ ಮೊದಲು?”

ಅವರು ಮಂಜುಗಟ್ಟಿದ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದರು. ಆಮೇಲೆ, “ನಮ್ಮಣ್ಣ,” ಎಂದರು.

ಅವರ ಅಣ್ಣ ಶ್ರೀಧರ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ, ಕೆ.ಆರ್. ಪುರದಲ್ಲಿ ಮನೆ. ಒಂದು ಬೆಳಿಗ್ಗೆ ಮೊದಲ ಶಿಫ್ಟಿಗೆಂದು ಹೊರಟವರು ಕಾರ್ಖಾನೆ ತಲುಪಲಿಲ್ಲ. ಮಧ್ಯಾಹ್ನ ಗರುಡಾಚಾರ್‌ಪಾಳ್ಯದ ಒಂದು ರಸ್ತೆಯ ಅಂಚಿನಲ್ಲಿ ಸಿಕ್ಕರು. ತಲೆಗೆ ಪೆಟ್ಟಾಗಿತ್ತು. ಗಾಡಿ ಹೊಡೆಯಿತೋ, ಯಾರಾದರೂ ಹೊಡೆದರೋ, ಬಿದ್ದರೋ, ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವರ ಬಸ್ಸು ಆ ಕಡೆ ಹೋಗುವುದೇ ಇಲ್ಲ. ಹಾಗಾಗಿ ಹೆಣ ಮನೆಗೆ ಬರುವಷ್ಟರಲ್ಲಿ ಬೀದಿಯವರೆಲ್ಲ ಪತ್ತೇದಾರರಾಗಿದ್ದರು. ಅಲ್ಲಿಗೆ ಯಾಕೆ ಹೋದ? ಅಲ್ಲಿ ಯಾರಿದ್ದರು? ಕುಡಿಯುತ್ತಿದ್ದನಂತಲ್ಲ? ಹೆಂಡತಿಯ ಜೊತೆ ಸರಿಯಿತ್ತಾ?

“ನಾನೇನು ಕಮ್ಮಿ ಇಲ್ಲ,” ಎಂದರು ವಸುಂಧರಾ. “ಓಡಿ ಹೋಗಿ ಅತ್ತಿಗೆ ಪಕ್ಕ ಕೂತೆ. ಕೂತವಳು ಮೊದಲು ಕೇಳಿದ್ದೇನು ಗೊತ್ತಾ? ‘ಅಣ್ಣ ಗರುಡಾಚಾರ್‌ಪಾಳ್ಯಕ್ಕೆ ಯಾಕೆ ಹೋಗಿದ್ದ’ ಅಂತ. ಅತ್ತಿಗೆ ನನ್ನ ಮುಖ ನೋಡಿದ್ರು. ಏನೂ ಹೇಳ್ಲಿಲ್ಲ. ಆಮೇಲೆ ಹಬ್ಬಕ್ಕೆ ಕರೀತಾರೆ, ಹೋಗ್ತೀನಿ, ಊಟ ಮಾಡ್ತೀನಿ, ಬರ್ತೀನಿ. ಅಣ್ಣನ ಹೆಸರು ನಮ್ಮಿಬ್ಬರ ಮಧ್ಯೆ ಬಂದಿಲ್ಲ.”

“ನಾಟಕಕ್ಕೆ ಅವರನ್ನ ಕರೀತೀರಾ?”

“ನಿಮಗೆ ತಲೆ ಕೆಟ್ಟಿದೆಯಾ? ಅದರಲ್ಲಿ ಜನ ನಗ್ತಾರೆ ರೀ,” ಎಂದರು. ಇಳಿಯುವ ಜಾಗ ಬಂದಿತ್ತು. ಕೊಡೆ ಬಿಚ್ಚಿಕೊಂಡು, ಹಿಂದೆ ತಿರುಗದೆ ಹೋದರು.

ಆ ಮೇಲೆ ನನಗೆ ಆ ನೆಲದ ಮೇಲೆ ಮಲಗುವುದು ಮೊದಲಿನಂತೆ ಸುಲಭವಾಗಲಿಲ್ಲ. ಪ್ರತಿ ಜೋಕಿನ ಹಿಂದೆ ಸಾವಾದ ಮನೆಯ ಒಂದು ನಿಜವಾದ ವರಾಂಡ, ಅಲ್ಲಿ ನಿಜವಾಗಿ ನಿಂತು ಆ ಪ್ರಶ್ನೆ ಕೇಳಿದ ಯಾರೋ ಒಬ್ಬರು ಕಾಣತೊಡಗಿದರು. ಆ ಮಹಾತಾಯಿ ದುಃಖವನ್ನು ತೆಗೆದುಕೊಂಡು ಅದರಿಂದ ನಗು ಕಡೆದಿದ್ದರು. ಹೇಗೆ ಮಾಡಿದರು ಎನ್ನುವುದು ನನಗೆ ಇವತ್ತಿಗೂ ತಿಳಿಯದ ವಿದ್ಯೆ.

ಮೊದಲ ಪ್ರದರ್ಶನ ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಭವನ ತುಂಬಿ, ಬಾಗಿಲ ಬಳಿಯೂ ಜನ ನಿಂತಿದ್ದರು. ಯಾರೋ ಕಾಲೋನಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಎಲ್ಲೆಲ್ಲಿಗೋ ಹೋಗಿತ್ತು. ನಾನು ಮಲಗಿ ಸ್ವಲ್ಪ ಹೊತ್ತಾಗಿರಬೇಕು, ಬಾಗಿಲು ತೆರೆದ ಸದ್ದು, ಯಾರೋ ತಡವಾಗಿ ಬಂದು ಮುಂದಿನ ಸಾಲಿಗೆ ನಡೆದ ಹಾಗೆ, ಕುರ್ಚಿ ಎಳೆದ ಹಾಗೆ ಕೇಳಿಸಿತು. ತಡವಾಗಿ ಬರುವವರು ಎಲ್ಲ ನಾಟಕಕ್ಕೂ ಇರುತ್ತಾರೆ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಾಟಕದಲ್ಲಿ ಒಂದು ಜಾಗವಿದೆ. ಗೆರೆ ಎಳೆದು, ನನ್ನನ್ನು ಅದಕ್ಕೆ ಹೊಂದಿಸಿ ಮುಗಿದ ಮೇಲೆ, ಇನ್ಸ್‌ಪೆಕ್ಟರ್ ವಿಷಪ್ರಯೋಗದ ಬಗ್ಗೆ ಒಂದು ಭಾಷಣ ಮಾಡಿ, ರಂಗದ ಅಂಚಿಗೆ ಬಂದು ಪ್ರೇಕ್ಷಕರನ್ನೇ ಕೇಳುತ್ತಾನೆ, ಈ ಮನುಷ್ಯ ಕೊನೆಯದಾಗಿ ತಿಂದದ್ದೇನು ಎಂದು. ಜನ ಬಾಯಿಗೆ ಬಂದದ್ದು ಕೂಗುತ್ತಾರೆ, ಅವನು ಒಂದೊಂದಕ್ಕೂ ಒಂದು ಮಾತು ತಿರುಗಿಸಿ ಕೊಡುತ್ತಾನೆ. ರಿಯಾಜ್‌ಗೆ ಇಷ್ಟವಾದ ಜಾಗ. ಅವತ್ತೂ ಕೇಳಿದ. “ಪಾನಿಪುರಿ,” ಎಂದರು ಯಾರೋ. “ಹಂಗಾದ್ರೆ ಇಡೀ ಬೆಂಗಳೂರನ್ನ ಅರೆಸ್ಟ್ ಮಾಡ್ಬೇಕು,” ಎಂದ ರಿಯಾಜ್. “ಹೆಂಡ್ತಿ ಕೈಲಿ ಬೈಗುಳ,” ಎಂದರು ಹಿಂದಿನಿಂದ. ನಗು.

ಆ ನಗು ಇಳಿಯುತ್ತಿದ್ದಾಗ ಮುಂದಿನ ಸಾಲಿನಿಂದ ಒಂದು ಹೆಣ್ಣು ದನಿ, ಕೂಗದೆ, ಮನೆಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ, “ಅವರೆಕಾಳು ಉಪ್ಪಿಟ್ಟು,” ಎಂದಿತು.

ಅದಕ್ಕೂ ನಕ್ಕರು. ರಿಯಾಜ್ ಗತ್ತಿನಿಂದಲೇ, “ಎಷ್ಟು ಹೊತ್ತಿಗಮ್ಮಾ?” ಎಂದ.

“ಬೆಳಿಗ್ಗೆ. ಫಸ್ಟ್ ಶಿಫ್ಟ್ ಇತ್ತು. ಇನ್ನೊಂಚೂರು ಹಾಕ್ಲಾ ಅಂದೆ. ಬೇಡ, ಬಸ್ಸು ಹೋಗ್ಬಿಡುತ್ತೆ ಅಂದ್ರು. ತಟ್ಟೇಲಿ ಅರ್ಧ ಹಾಗೇ ಇತ್ತು.”

ನಗು ಅಲ್ಲಲ್ಲಿ ನಿಂತಿತು. ಇನ್ನೂ ಕೆಲವರು, ಇದು ನಾಟಕದ್ದೇ ಭಾಗವಿರಬೇಕೆಂದು ನಗುತ್ತಿದ್ದರು. ನನ್ನ ಎದೆ ಡವಗುಟ್ಟತೊಡಗಿತು, ಜನರಿಗೆ ಕಾಣುತ್ತದೆಯೇನೋ ಎಂದು ಹೆದರಿದೆ.

“ಆ ತಟ್ಟೆ ನಾನು ಎಷ್ಟೋ ದಿನ ತೊಳೀಲಿಲ್ಲ,” ಎಂದಿತು ಆ ದನಿ. “ಬಂದೋರು ಇದೊಂದು ಬಿಟ್ಟು ಬೇರೆ ಎಲ್ಲಾ ಕೇಳಿದ್ರು.”

ಈಗ ಯಾರೂ ನಗುತ್ತಿರಲಿಲ್ಲ. ರಿಯಾಜ್ ಮುಂದಿನ ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅವನ ಬೂಟು ನನ್ನ ತಲೆಯ ಹತ್ತಿರ ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಅವನು ನಾಟಕದಲ್ಲಿ ಎಲ್ಲೂ ಇಲ್ಲದ ಒಂದು ಮಾತು ಕೇಳಿದ. ಇನ್ಸ್‌ಪೆಕ್ಟರನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ.

“ಅವರ ಹೆಸರೇನಮ್ಮಾ?”

“ಶ್ರೀಧರ.”

ರಂಗದ ಪಕ್ಕದ ಸೈಡ್‌ವಿಂಗಿನ ಮರೆಯಲ್ಲಿ, ವಸುಂಧರಾ ನಿಲ್ಲುತ್ತಿದ್ದ ಕಡೆಯಿಂದ, ಏನೋ ಕೆಳಗೆ ಬಿದ್ದ ಸದ್ದು ಕೇಳಿಸಿತು. ಸ್ಕ್ರಿಪ್ಟಿನ ಹಾಳೆಗಳು ಎಂದು ಆಮೇಲೆ ಗೊತ್ತಾಯಿತು.

ಮೆಟ್ಟಿಲ ಮೇಲೆ ಹೆಜ್ಜೆ. ಬಳೆಗಳ ಸದ್ದು. ಬೀರುವಿನಿಂದ ಈಗಷ್ಟೇ ತೆಗೆದ ಸೀರೆಯ ನುಸಿಗುಳಿಗೆ ವಾಸನೆ. ಯಾರೋ ನನ್ನ ಪಕ್ಕ ಮೊಣಕಾಲೂರಿ ಕೂತರು. ಹಿಂದಕ್ಕೆ ತಿರುಚಿದ್ದ ನನ್ನ ಕೈಯನ್ನು ನಿಧಾನವಾಗಿ ಬಿಡಿಸಿ ಹೊಟ್ಟೆಯ ಮೇಲೆ ಇಟ್ಟರು. ಮಡಚಿದ್ದ ಕಾಲನ್ನು, ಮಲಗಿದ ಮಗುವಿನ ಕಾಲನ್ನು ಸರಿ ಮಾಡುವ ಹಾಗೆ, ನೇರ ಮಾಡಿದರು. ಶರಟಿನ ಮೇಲಿನ ಗುಂಡಿ ಹಾಕಿದರು. ನನ್ನ ಅರ್ಧ ದೇಹ ಈಗ ರಿಯಾಜ್ ಎಳೆದ ಗೆರೆಯಿಂದ ಆಚೆ ಇತ್ತು. ನಾನು ಕಣ್ಣು ತೆರೆಯಲಿಲ್ಲ. ಶಿಸ್ತಿನಿಂದಲ್ಲ, ತೆರೆದರೆ ಅವರಿಗೆ ನಾನು ಕಾಣುತ್ತೇನೆ, ನಾನು ಕಾಣಬಾರದು ಎಂದು ಅನ್ನಿಸಿತು. ಮುಚ್ಚಿದ ರೆಪ್ಪೆಯ ಸಂದಿನಿಂದ ನೀರು ಕಿವಿಯ ಕಡೆ ಹರಿಯುವುದನ್ನು ಮಾತ್ರ ತಡೆಯಲಾಗಲಿಲ್ಲ.

ಉಳಿದದ್ದು ನಾನು ಆಮೇಲೆ ಕೇಳಿ ತಿಳಿದದ್ದು: ಅಷ್ಟರಲ್ಲಿ ಅಡುಗೆಯಾಕೆಯ ಪಾತ್ರದ ಸರಳಾ, ಏನು ಮಾಡಬೇಕೆಂದು ತೋಚದೆ, ಕಾಫಿಯ ತಟ್ಟೆ ಹಿಡಿದು ಒಳಗೆ ಬಂದುಬಿಟ್ಟಿದ್ದರು. ಆಕೆಗೆ ಗೊತ್ತಿದ್ದದ್ದು ಒಂದೇ, ತಟ್ಟೆಯನ್ನು ನನ್ನ ಎದೆಯ ಮೇಲೆ ಇಡುವುದು. ಅದು ಸಾಧ್ಯವಿರಲಿಲ್ಲ. ಲೋಟಗಳು ತಟ್ಟೆಯಲ್ಲಿ ಟಿಣಿಟಿಣಿ ಅನ್ನುತ್ತಿದ್ದವು. ಕಡೆಗೆ ರಿಯಾಜ್ ತಲೆಯ ಮೇಲಿನ ಟೋಪಿ ತೆಗೆದು ನೆಲದ ಮೇಲೆ ಕೂತ; ತಟ್ಟೆಯಿಂದ ಒಂದು ಲೋಟ ತೆಗೆದು ನನ್ನ ಪಕ್ಕ ಕೂತಿದ್ದ ಆಕೆಗೆ ಕೊಟ್ಟ. “ತಗೊಳಮ್ಮ,” ಎಂದ. ಆಕೆ ತಗೊಂಡು ಕುಡಿದರು. ಉಳಿದವರೂ ಒಬ್ಬೊಬ್ಬರಾಗಿ ಬಂದು ನನ್ನ ಸುತ್ತ ಕೂತರು. ಹವಾಮಾನದ ಮಾತು ಯಾರೂ ತೆಗೆಯಲಿಲ್ಲ. ಬೆಳಕಿನವನು ತಾನಾಗಿಯೇ ನಿಧಾನಕ್ಕೆ ದೀಪ ಇಳಿಸಿದ. ಜನ ಚಪ್ಪಾಳೆ ತಟ್ಟಲಿಲ್ಲ. ತುಂಬ ಹೊತ್ತು ಎದ್ದೂ ಹೋಗಲಿಲ್ಲ.

ವೇಷ ಕಳಚುವ ಕೋಣೆ ಎಂದರೆ ಮಡಚಿದ ಕುರ್ಚಿಗಳನ್ನು ಪೇರಿಸಿಟ್ಟ ಉಗ್ರಾಣ. ಅಲ್ಲಿ ಪದ್ಮಮ್ಮ ಒಂದು ಕುರ್ಚಿಯ ಮೇಲೆ ಕೂತಿದ್ದರು. ವಸುಂಧರಾ ಅವರ ಅತ್ತಿಗೆಯ ಹೆಸರು ಅದು. ತೆಳ್ಳಗೆ, ಎತ್ತರಕ್ಕೆ, ನೆಟ್ಟಗೆ. ವಸುಂಧರಾ ಎದುರಿಗೆ ನಿಂತಿದ್ದರು, ಬಿದ್ದಿದ್ದ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ. ನಾವೆಲ್ಲ ಹೊರಗೆ ಹೋಗಲು ನೋಡಿದೆವು. ಪದ್ಮಮ್ಮ, “ಇರ್ರಪ್ಪ, ನಿಮ್ಮ ಜಾಗ ಇದು,” ಎಂದರು.

“ಅತ್ತಿಗೆ, ನಾನು ನಿಮ್ಮನ್ನ…” ಎಂದರು ವಸುಂಧರಾ.

“ನಗು ಬಂತು ಕಣೇ ವಸು,” ಎಂದರು ಪದ್ಮಮ್ಮ. “ಜೆರಾಕ್ಸ್ ತಗೊಂಡು ಬನ್ನಿ ಅಂದಾಗ ನಾನೂ ನಕ್ಕೆ. ಆಗ್ಲೂ ನಗು ಬಂದಿತ್ತು ನಂಗೆ. ನಿಂಗೆ ಹೇಳಿಲ್ಲ. ಅವರನ್ನ ಒಳಗೆ ಮಲಗಿಸಿದ್ರಲ್ಲ, ಆವಾಗ ಯಾರೋ ಒಬ್ಬರು ಬಂದು ಪಕ್ಕ ಕೂತು, ಅವರ ಚಪ್ಪಲಿ ಸೈಜ್ ಎಷ್ಟು ಅಂತ ಕೇಳಿದ್ರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಏನಾದ್ರೂ ಕೇಳ್ಬೇಕಲ್ಲ. ನಂಗೆ ತಡೆಯೋಕಾಗ್ಲಿಲ್ಲ. ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕೆ. ಭುಜ ಎಲ್ಲ ಕುಣೀತಿತ್ತು. ಪಾಪ ಎಷ್ಟು ಅಳ್ತಿದಾಳೆ ಅಂತ ಎಲ್ಲರೂ ಬೆನ್ನು ಸವರಿದ್ರು.”

ವಸುಂಧರಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ನಂಗೇನೋ ಆಗ್ಬಿಟ್ಟಿದೆ, ಗಂಡ ಸತ್ತರೆ ನಗು ಬರುತ್ತಾ ಅಂತ ಇಷ್ಟು ವರ್ಷ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ,” ಎಂದರು ಪದ್ಮಮ್ಮ. “ಇವತ್ತು ನೋಡಿದ್ರೆ ಇಡೀ ಹಾಲ್ ನಗ್ತಿದೆ.”

“ನಾನೂ ಕೇಳಿದ್ದೆ ಅತ್ತಿಗೆ. ಅಲ್ಲಿಗೆ ಯಾಕೆ ಹೋಗಿದ್ದ ಅಂತ.”

“ಹೂಂ, ನೀನೂ ಕೇಳಿದ್ದೆ. ನಂಗೂ ಗೊತ್ತಿರ್ಲಿಲ್ಲ, ಅದಕ್ಕೆ ಸುಮ್ಮನಿದ್ದೆ. ಕೋಪಕ್ಕಲ್ಲ.” ಸೆರಗು ಸರಿಮಾಡಿಕೊಂಡು, “ಕೋಪಾನೂ ಇತ್ತು,” ಎಂದರು.

ಆಮೇಲೆ ಅವರಿಬ್ಬರೂ ಮಾತಾಡಿದ್ದು ನನಗೆ ಗೊತ್ತಿಲ್ಲ. ರಿಯಾಜ್ ನಮ್ಮನ್ನೆಲ್ಲ ಮೆಲ್ಲಗೆ ಹೊರಗೆ ತಳ್ಳಿ ಬಾಗಿಲು ಮುಂದಕ್ಕೆ ಮಾಡಿದ. ಹೊರಗೆ ಬಂದವನು ಗೋಡೆಗೊರಗಿ, “ಕ್ಯಾ ಔರತ್ ಹೈ ಬಾ, ಎಂಥಾ ಹೆಂಗಸು,” ಎಂದ. ಅದಕ್ಕೆ ಸೇರಿಸಲು ಅವನ ನಾಲ್ಕು ಭಾಷೆಗಳಲ್ಲಿ ಇನ್ನೇನೂ ಇರಲಿಲ್ಲ.

ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ವಸುಂಧರಾ ನಾಟಕವನ್ನು ನಿಲ್ಲಿಸಿಬಿಡುತ್ತಾರೆ ಎಂದುಕೊಂಡಿದ್ದೆವು, ಅಥವಾ ಕೊನೆಯನ್ನಾದರೂ ಬದಲಾಯಿಸುತ್ತಾರೆ ಎಂದು. ಪದ್ಮಮ್ಮ ಒಪ್ಪಲಿಲ್ಲವಂತೆ. “ಆ ಕಾಫಿ ತಟ್ಟೆ ಎದೆ ಮೇಲೇ ಇರ್ಲಿ. ಹಾಗೇ ಇದ್ದದ್ದು ಅದು,” ಎಂದರಂತೆ. ಒಳ್ಳೆಯ ವಿಮರ್ಶಕರಿಗೂ ಇಷ್ಟು ಚೆನ್ನಾಗಿ ಹೇಳಲು ಬರುತ್ತದೆಂದು ನನಗೆ ನಂಬಿಕೆಯಿಲ್ಲ. ಆಮೇಲೂ ಕೆಲವು ಕಡೆ, ಹಲಸೂರಿನಲ್ಲಿ, ಕೆ.ಆರ್. ಪುರದಲ್ಲಿ, ನಾಟಕ ಆಡಿದೆವು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಜನ ಹಾಗೆಯೇ ನಕ್ಕರು. ಪದ್ಮಮ್ಮ ಮುಂದಿನ ಸಾಲಿನಲ್ಲಿ ನಾದಿನಿಯ ಪಕ್ಕ ಕೂತು, ಎಲ್ಲರಿಗಿಂತ ಮೊದಲು ನಗುತ್ತಿದ್ದರು; ಇನ್ನೊಂದು ಸಲ ಅವರು ಎದ್ದು ಬರಲಿಲ್ಲ, ಏನೂ ಹೇಳಲಿಲ್ಲ. ನಾನು ಮಾತ್ರ ನೆಲದ ಮೇಲೆ ಬೇರೆಯಾಗಿ ಮಲಗುತ್ತಿದ್ದೆ. ಅಸಂಗತ ಎನ್ನುವುದು ಯಾರೋ ಜಾಣರು ಕೂತು ಕಟ್ಟಿದ ತಂತ್ರವಲ್ಲ, ಅದು ಎಲ್ಲರ ಮನೆಯ ವರಾಂಡದಲ್ಲಿ ನಡೆಯುತ್ತದೆ, ಅದನ್ನು ಕಂಡು ನಗಲು ನಮಗೆ ಅನುಮತಿ ಇರುವುದಿಲ್ಲ ಅಷ್ಟೆ, ಎಂದು ಈಗ ಯಾರಾದರೂ ಪರೀಕ್ಷೆಯಲ್ಲಿ ಕೇಳಿದರೆ ಬರೆಯುತ್ತೇನೆ. ಅಂಕ ಬರಲಿಕ್ಕಿಲ್ಲ.

ಮುಂದೆ ತಂಡ ಚದುರಿತು. ನಾವು ಮಹದೇವಪುರದ ಅಪಾರ್ಟ್‌ಮೆಂಟಿಗೆ ಬಂದೆವು. ನನ್ನ ಹೊಟ್ಟೆಯೂ ಬೆಳೆದು, ಉಸಿರು ಮುಚ್ಚಿಡಲಾಗದ ಸ್ಥಿತಿ ತಲುಪಿತು.

ಕಳೆದ ತಿಂಗಳು ನಮ್ಮ ಎದುರು ಮನೆಯ ಹಿರಿಯರು ತೀರಿಕೊಂಡರು. ನಾನೂ ಸುಮಾನೂ ಹೋದೆವು. ಲಿಫ್ಟಿನ ಬಳಿ ಒಂದು ಗುಂಪು ನಿಂತಿತ್ತು. ನಿನ್ನೆ ವಾಕಿಂಗ್ ಬಂದಿದ್ದರಲ್ಲ, ಯಾವ ಆಸ್ಪತ್ರೆ, ಬಿಪಿ ಇತ್ತಾ, ಮಾತ್ರೆ ತಗೊಳ್ತಿದ್ರಾ. ನನ್ನ ನಾಲಿಗೆಯ ತುದಿಗೂ ಒಂದು ಪ್ರಶ್ನೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ನುಂಗಿಕೊಂಡು ಒಳಗೆ ಹೋಗಿ ನೆಲದ ಮೇಲೆ ಕೂತೆ. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಸುಮಾ ಅವರ ಕೈ ಹಿಡಿದುಕೊಂಡಳು. ತುಂಬ ಹೊತ್ತಾದ ಮೇಲೆ ಸುಮಾ ಮೆಲ್ಲಗೆ, “ಅಂಕಲ್ ದಿನಾ ನಮ್ಮ ಪೇಪರ್ ಮೊದ್ಲ ಓದಿ ಆಮ್ಯಾಲ ಬಾಗಿಲಕ ಹಾಕ್ತಿದ್ರು,” ಎಂದಳು.

ಆಕೆ ತಲೆಯೆತ್ತಿ ನಮ್ಮನ್ನು ನೋಡಿದರು. “ನಿಮಗೆ ಗೊತ್ತಿತ್ತಾ?”

“ಪದಬಂಧ ತುಂಬಿರ್ತಿತ್ತಲ್ರಿ ಆಂಟಿ. ಅದೂ ಎಲ್ಲಾ ತಪ್ಪ.”

ಆಕೆಯ ತುಟಿ ಅಲುಗಿತು. ಕೈ ಸೆರಗಿನ ಕಡೆ ಹೋಯಿತು. ಅದನ್ನು ಬಾಯಿಗೆ ತರುವ ಮೊದಲೇ ನನಗೆ ನಗು ಬಂದುಬಿಟ್ಟಿತು, ತಡೆಯಲಿಲ್ಲ. ನಾನು ನಕ್ಕದ್ದನ್ನು ನೋಡಿ ಆಕೆ ಸೆರಗು ಬಿಟ್ಟರು. “ಪೆನ್ನಲ್ಲೇ ತುಂಬೋರು,” ಎಂದರು, “ಪೆನ್ಸಿಲ್ ತಗೊಳಿ ಅಂದ್ರೆ ಕೇಳ್ತಿರ್ಲಿಲ್ಲ.” ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಅವರು ನಕ್ಕರು. ಲಿಫ್ಟಿನ ಬಳಿಯ ಗುಂಪು ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿತು. ನಾವು ಮೂವರೂ, ಮಲಗಿಸಿದ್ದ ಹಿರಿಯರ ಪಕ್ಕದಲ್ಲೇ ಕೂತು, ಇನ್ನೂ ಸ್ವಲ್ಪ ಹೊತ್ತು ನಕ್ಕೆವು.